ಹನ್ನೊಂದು ಗೂಟ, ಒಂದು ಕರಡಿ

“ಗುರುಗಳೇ, ನಾನು ನಂಬಿದವರ ಕೈಯಿಂದಲೇ ಬೀಗದ ಕೈ ಕಿತ್ತುಕೊಂಡರೆ ಅದು ಪಾಪವೋ, ಕೆಲಸವೋ?”

ಹುಲಿಗೆಮ್ಮ ಈ ಪ್ರಶ್ನೆಯನ್ನು ಚಪ್ಪಲಿ ಬಿಡುವ ಮೊದಲೇ ಕೇಳಿದಳು. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಸ್ಕೂಟಿಯ ಕೀಲಿ. ಊಟದ ಬಿಡುವಿನಲ್ಲಿ ಕಚೇರಿಯಿಂದ ಓಡಿ ಬಂದಿದ್ದಳು. ಆಕೆ ಬಂದಿದ್ದಳು, ಉಸಿರು ಇನ್ನೂ ದಾರಿಯಲ್ಲಿತ್ತು.

ಹೊನ್ನೂರಪ್ಪ ಮೇಷ್ಟ್ರು ಆಕೆಗೆ ಕಂಪ್ಯೂಟರ್ ಕಲಿಸಿದವರು. ಅವರ ಮಾತನ್ನು ನಂಬುವುದಾದರೆ ಕಂಪ್ಯೂಟರಿಗೂ ಅವರೇ ಕಲಿಸಿದವರು. ಜಿಲ್ಲೆಗೆ ಮೊದಲ ಯಂತ್ರ ಬಂದಾಗ ಅದಕ್ಕೆ ಕನ್ನಡ ಬರುತ್ತಿರಲಿಲ್ಲವಂತೆ. ಮೇಷ್ಟ್ರು ಬೆತ್ತ ಹಿಡಿದು ಅದರ ಮುಂದೆ ಕೂತು, ಕಾಗುಣಿತ ಒಪ್ಪಿಸಿಕೊಂಡ ಮೇಲೆಯೇ ಅದಕ್ಕೆ ಕರೆಂಟು ಕೊಟ್ಟರಂತೆ. ಈಗ ನಿವೃತ್ತರು. ಆದರೂ ತಾಲ್ಲೂಕಿನ ಯಾವ ಯಂತ್ರ ಕೆಟ್ಟರೂ ಅದರ ಕಿವಿಯಲ್ಲಿ ತಮ್ಮ ಹೆಸರು ಹೇಳಿದರೆ ಅರ್ಧ ಸರಿಹೋಗುತ್ತದೆ ಎನ್ನುತ್ತಾರೆ. ಉಳಿದರ್ಧಕ್ಕೆ ಶಿಷ್ಯರಿದ್ದಾರೆ.

“ಕೂತ್ಕೋ,” ಎಂದರು ಮೇಷ್ಟ್ರು. “ಪಾಪ ಎಲ್ಲಿಗೂ ಓಡಿಹೋಗೋದಿಲ್ಲ. ಮೊದಲು ಕೆಲಸ ಹೇಳು.”

ಹುಲಿಗೆಮ್ಮ ಹೇಳಿದಳು.

ಆಕೆ ಜಾನುವಾರುಗಳ ಲಸಿಕೆ ಹಂಚುವ ಕಚೇರಿಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಅಲ್ಲಿ ಆಕೆಯನ್ನು ಬಿಟ್ಟು ಹನ್ನೊಂದು ಜನ ಕೆಲಸ ಮಾಡುತ್ತಾರೆ. ಹನ್ನೊಂದು ಜನಕ್ಕೂ ಯಂತ್ರದೊಳಗೆ ಹೋಗಲು ಒಂದೇ ಹೆಸರು, ‘ಸಿಬ್ಬಂದಿ’. ಒಂದೇ ಪಾಸ್‌ವರ್ಡ್. ಅದು ಚಹಾ ತರುವ ಫಕೀರಮ್ಮನಿಗೂ ಗೊತ್ತಿತ್ತು. ಯಾರಾದರೂ ಮರೆತರೆ ಚಹಾದ ಜೊತೆಗೆ ಅದನ್ನೂ ಆಕೆಯೇ ಕೊಡುತ್ತಿದ್ದಳು.

ಹೋದ ತಿಂಗಳು ಯಾರೋ ಒಬ್ಬರು ‘ಸಿಬ್ಬಂದಿ’ಯಾಗಿ ಒಳಗೆ ಹೋಗಿ, ಎಪ್ಪತ್ತು ಊರುಗಳ ಲಸಿಕೆ ಪಟ್ಟಿಯನ್ನು ಅಳಿಸಿಬಿಟ್ಟರು. ಬೇಕೆಂದು ಅಳಿಸಿದರೋ, ಬೆರಳು ಜಾರಿತೋ, ಗೊತ್ತಿಲ್ಲ. ಯಾರು ಎಂದು ಯಂತ್ರವನ್ನು ಕೇಳಿದರೆ ‘ಸಿಬ್ಬಂದಿ’ ಎಂದಿತು. ಸಾಹೇಬರು ಜಂಬಣ್ಣನಿಗೆ ನೋಟೀಸು ಕೊಟ್ಟರು, ಏಕೆಂದರೆ ಆ ಯಂತ್ರಕ್ಕೆ ಅವನ ಕುರ್ಚಿಯೇ ಹತ್ತಿರ. ಅಂದಿನಿಂದ ಜಂಬಣ್ಣ ಎಲ್ಲರ ಜೊತೆ ಊಟಕ್ಕೆ ಕೂಡುವುದಿಲ್ಲ. ಡಬ್ಬಿ ಹಿಡಿದು ಲಸಿಕೆಯ ಫ್ರಿಜ್ಜಿನ ಪಕ್ಕಕ್ಕೆ ಹೋಗುತ್ತಾನೆ.

“ಇನ್ನೊಬ್ಬ ಜಂಬಣ್ಣ ಆಗಬಾರದು ಅಂತ ನಾನೇ ಒಂದು ನಿಯಮ ಬರೆದೆ ಗುರುಗಳೇ. ನಾಲ್ಕು ಗಂಟೆಗೆ ಸಾಹೇಬರು ಸಹಿ ಹಾಕ್ತಾರೆ. ಹನ್ನೊಂದು ಜನರೂ ನನ್ನ ಮುಖ ನೋಡಿ ಬಾಗಿಲು ಹಾಕ್ಕೊಳ್ತಿದಾರೆ. ಓದಲಾ?”

“ಓದು.”

ಹುಲಿಗೆಮ್ಮ ಎದ್ದು ನಿಂತು ಓದಿದಳು. ಇನ್ನು ಮೇಲೆ ಯಾರೂ ನೇರವಾಗಿ ‘ಸಿಬ್ಬಂದಿ’ಯಾಗಿ ಲಾಗಿನ್ ಆಗುವಂತಿಲ್ಲ. ಮೊದಲು ತಮ್ಮ ಹೆಸರಿನಲ್ಲಿ, ತಮ್ಮದೇ ಪಾಸ್‌ವರ್ಡಿನಲ್ಲಿ ಒಳಗೆ ಬರಬೇಕು. ಬಂದ ಮೇಲೆ ಕೆಲಸಕ್ಕೆ ಬೇಕೆಂದರೆ ‘ಸಿಬ್ಬಂದಿ’ಯಾಗಿ ಬದಲಾಗಬಹುದು. ಯಾರು, ಎಷ್ಟು ಹೊತ್ತಿಗೆ ಬದಲಾದರು ಎಂಬುದು ದಾಖಲಾಗುತ್ತದೆ. ‘ಸಿಬ್ಬಂದಿ’ಗೆ ಲಸಿಕೆ ಪಟ್ಟಿಯನ್ನು ನೋಡುವ ಹಕ್ಕು ಉಂಟು, ಅಳಿಸುವ ಹಕ್ಕಿಲ್ಲ. ಹೀಗೆ ಐದು ಸಾಲುಗಳನ್ನು ಗಂಟೆ ಹೊಡೆದ ಹಾಗೆ ಓದಿದಳು. ಆರನೆಯದಕ್ಕೆ ಬಂದಾಗ, ಕಡೆಯ ನಿಲ್ದಾಣವನ್ನು ಕೂಗುವ ಕಂಡಕ್ಟರನಂತೆ ಸರಸರ ಮುಗಿಸಿದಳು.

“ಆರು. ಮೇಲಿನ ಯಾವುದೂ ವ್ಯವಸ್ಥೆ ನೋಡಿಕೊಳ್ಳುವವರಿಗೆ ಅನ್ವಯಿಸುವುದಿಲ್ಲ. ಅಂದರೆ ನನಗೆ. ನನ್ನ ಮೇಜಿನ ಯಂತ್ರದಿಂದ ಮಾತ್ರ ನೇರವಾಗಿ ‘ಸಿಬ್ಬಂದಿ’ಯಾಗಿ ಹೋಗಬಹುದು. ಓಡಾಡೋಕೆ ಒಂದು ದಾರಿ ಬೇಕಲ್ಲ.”

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು.

“ಒಂದು ಕರಡಿಯ ಕತೆ ಹೇಳ್ತೀನಿ.”

“ನಾಲ್ಕಕ್ಕೆ ಸಹಿ ಇದೆ ಗುರುಗಳೇ.”

“ನನ್ನದು ಓಡುವ ಕರಡಿ. ಮೂರೂವರೆಗೆ ಮುಗಿಸಿ ಮನೆಗೆ ಹೋಗ್ತದೆ.”

ಹುಲಿಗೆಮ್ಮ ಕೂತಳು. ಮೇಷ್ಟ್ರು ಹೇಳಿದರು.

*

ಬಂಡೆಗಳ ಬೆಟ್ಟದ ಕೆಳಗೆ ಒಂದು ಊರು. ಬೆಟ್ಟದಲ್ಲಿ ಮಂಗಗಳು. ಬರಿಯ ಮಂಗಗಳಲ್ಲ, ಕಲಿತ ಮಂಗಗಳು. ಮೆಕ್ಕೆಜೋಳದ ತೆನೆ ಮುರಿದು, ಸುಲಿದು, ಕಾಳು ತಿಂದು, ಸಿಪ್ಪೆಯನ್ನು ಮಾತ್ರ ಹೊಲದೊಡೆಯನ ಬಾಗಿಲಿಗೆ ತಂದಿಡುತ್ತಿದ್ದವು, ದನಕ್ಕೆ ಬೇಕಾಗುತ್ತದೆ ಎಂದು. ಬೆದರುಬೊಂಬೆ ನಿಲ್ಲಿಸಿದರೆ ಅದರ ಅಂಗಿ ಬಿಚ್ಚಿ, ಒಗೆದು, ಒಣಹಾಕಿ ಹೋಗುತ್ತಿದ್ದವು.

ಆ ಊರಲ್ಲಿ ಒಬ್ಬ ದರ್ಜಿ ಇದ್ದ. ಅವನಿಗೆ ಒಂದು ಯೋಚನೆ ಬಂತು. ಮಂಗಗಳು ಜಗತ್ತಿನಲ್ಲಿ ಹೆದರುವುದು ಕರಡಿಗೆ. ಕರಡಿಯನ್ನು ಸಾಕಲಾಗುವುದಿಲ್ಲ, ಆದರೆ ಹೊಲಿಯಬಹುದು.

ಅವನು ಹಳೆಯ ಕರಿ ಕಂಬಳಿಗಳನ್ನು ತಂದ. ಮೇಕೆಯ ಕೂದಲು ತಂದ. ಇಪ್ಪತ್ತೊಂದು ದಿನ ಮೆಷಿನ್ ತುಳಿದ. ಇಪ್ಪತ್ತೆರಡನೆಯ ದಿನ ವೇಷ ತೊಟ್ಟು ಹೊರಗೆ ಬಂದಾಗ ಅವನ ಹೆಂಡತಿಯೇ ಬಾವಿಯ ಕಟ್ಟೆ ಹತ್ತಿ ನಿಂತಳು. ಬೆಟ್ಟದ ನಿಜವಾದ ಕರಡಿಯೊಂದು ಸುದ್ದಿ ಕೇಳಿ ಇಳಿದು ಬಂತು. ಹೊಲದ ಬದುವಿನಲ್ಲಿ ವೇಷದ ಎದುರು ಅರ್ಧ ದಿನ ಕೂತು, ನಮ್ಮ ಪೈಕಿಯವರೇ, ಸ್ವಲ್ಪ ದಪ್ಪಗಾಗಿದ್ದಾರೆ ಎಂದುಕೊಂಡು ಎದ್ದು ಹೋಯಿತು.

ದರ್ಜಿ ಅಂದಿನಿಂದ ನೆಲದ ಮೇಲೆ ನಡೆಯುವುದನ್ನು ಬಿಟ್ಟ. “ನನ್ನ ಕರಡಿಗೂ ಬೆಟ್ಟದ ಕರಡಿಗೂ ಒಂದು ಕೂದಲಿನ ವ್ಯತ್ಯಾಸ ತೋರಿಸಿ. ನನ್ನ ಕತ್ತರಿಯನ್ನು ಬಾವಿಗೆ ಎಸೀತೀನಿ,” ಎಂದು ಸಿಕ್ಕವರಿಗೆಲ್ಲ ಹೇಳಿದ. ಯಾರೂ ತೋರಿಸಲಿಲ್ಲ.

“ನೀವು ಆ ದರ್ಜಿಯನ್ನು ನೋಡಿದ್ದೀರಾ ಗುರುಗಳೇ?” ಎಂದಳು ಹುಲಿಗೆಮ್ಮ.

“ನನ್ನ ಮದುವೆಯ ಅಂಗಿ ಹೊಲಿದವನೇ ಅವನು. ಇವತ್ತಿಗೂ ಹಾಕಿಕೊಂಡರೆ ನಾಯಿ ಬೊಗಳುತ್ತದೆ. ಮುಂದೆ ಕೇಳು.”

ವೇಷ ಒಂದೇ. ಅದನ್ನು ತೊಡುವವರು ಹನ್ನೊಂದು ಮಂದಿ, ಪಾಳಿಯ ಮೇಲೆ. ಗೌಡ ಊರನ್ನು ಕೂಡಿಸಿ ಎರಡು ಕಟ್ಟಳೆ ಮಾಡಿದ. ಮಂಗ ಎಲ್ಲಿಗೆ ಬೇಕಾದರೂ ನುಗ್ಗುತ್ತದೆ, ಆದ್ದರಿಂದ ಕರಡಿಯೂ ಎಲ್ಲಿಗೆ ಬೇಕಾದರೂ ನುಗ್ಗಬಹುದು. ಯಾರ ಹಿತ್ತಿಲು, ಯಾರ ಅಟ್ಟ, ಯಾರ ಕಣಜ ಎಂದು ಕೇಳುವಂತಿಲ್ಲ. ಇದು ಒಂದು. ಕರಡಿಯನ್ನು ಯಾರೂ ಮಾತಾಡಿಸಬಾರದು, ಹೆಸರು ಹಿಡಿದು ಕರೆಯಬಾರದು. ಮಂಗಗಳ ಕಿವಿ ಚುರುಕು, ಹೆಸರು ಕೇಳಿದರೆ ಒಳಗಿರುವುದು ಮನುಷ್ಯ ಎಂದು ತಿಳಿದುಬಿಡುತ್ತವೆ. ಇದು ಇನ್ನೊಂದು.

ವೇಷವನ್ನು ದರ್ಜಿಯ ಮನೆಯ ಜಗಲಿಯಲ್ಲಿ ತೂಗುಹಾಕಿದರು. ಬಂದವನು ತೊಟ್ಟು ಹೋಗುತ್ತಿದ್ದ. ಪಾಳಿ ಮುಗಿದವನು ಹೊಲದ ಬದುವಿನಲ್ಲೇ ಬಿಚ್ಚಿ ಮುಂದಿನವನಿಗೆ ಕೊಟ್ಟು ಹೋಗುತ್ತಿದ್ದ. ಕೊಟ್ಟವನೂ ಮಾತಾಡುವುದಿಲ್ಲ, ತೊಟ್ಟವನೂ ಮಾತಾಡುವುದಿಲ್ಲ.

ಏಳು ದಿನದಲ್ಲಿ ಮಂಗಗಳು ತಾಲ್ಲೂಕು ಬಿಟ್ಟವು ಎಂದು ಊರಿನವರು ಹೇಳಿದರು. ತಾಲ್ಲೂಕಲ್ಲ, ಬೆಟ್ಟದ ಹಿಂಬದಿಗೆ ಹೋಗಿದ್ದವು. ಆದರೆ ಸಂತೋಷಕ್ಕೆ ಅಳತೆ ಇರುವುದಿಲ್ಲ. ಊರು ಕುಣಿಯಿತು. ದರ್ಜಿಯನ್ನು ಗೌಡ ತನ್ನ ಪಕ್ಕದಲ್ಲಿ ಕೂರಿಸಿಕೊಂಡ.

ಕ್ರಮೇಣ ಕರಡಿಗೆ ಊರು ಅಭ್ಯಾಸವಾಯಿತು. ಒಂದು ದಿನ ವ್ಯಾಪಾರಿಯ ಅಂಗಡಿಯಲ್ಲಿ ಬೆಲ್ಲದ ಅಚ್ಚು ಅರ್ಧವಾಗಿತ್ತು. ಯಾರು? ಕರಡಿ. ಇನ್ನೊಂದು ದಿನ ಕರಡಿ ಒಬ್ಬರ ಅಟ್ಟ ಹತ್ತಿ ಮಧ್ಯಾಹ್ನವೆಲ್ಲ ಗೊರಕೆ ಹೊಡೆಯಿತು. ಮತ್ತೊಂದು ದಿನ ಹೊಸ ಸೊಸೆ ಮಾಡಿದ ಹೋಳಿಗೆಯನ್ನು ತಟ್ಟೆ ಸಮೇತ ಎತ್ತಿಕೊಂಡು ಹೋಯಿತು. ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹನ್ನೊಂದು ಮಂದಿಯೂ ಸೇರಿ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಯಾರು ಎಂದು ಯಾರೂ ತಿರುಗಿ ನೋಡಲಿಲ್ಲ.

ಬಿತ್ತನೆಯ ಕಾಲ ಬಂತು. ಊರಿನ ಶೇಂಗಾ ಬೀಜವೆಲ್ಲ ಒಂದೇ ಕೋಣೆಯಲ್ಲಿತ್ತು. ಅವತ್ತು ಮಧ್ಯಾಹ್ನ ಆ ಕೋಣೆಗೆ ಒಂದು ಮಂಗ ನುಗ್ಗಿತು. ಕರಡಿ ಒಳಗೆ ಹೋಗಿ ಅದನ್ನು ಓಡಿಸಿತು. ಓಡಿಸಿ, ಬಾಗಿಲನ್ನು ತೆರೆದಿಟ್ಟೇ ಹೋಯಿತು.

ಓಡಿದ ಮಂಗ ಬಂಧುಬಳಗವನ್ನೆಲ್ಲ ಕರೆತಂದಿತು. ಊರು ಹೊಲದಿಂದ ಬರುವಷ್ಟರಲ್ಲಿ ಕೋಣೆಯಲ್ಲಿ ಮೊಣಕಾಲೆತ್ತರ ಸಿಪ್ಪೆ. ಈ ಸಲ ಬಾಗಿಲಿಗೂ ತಂದಿಟ್ಟಿರಲಿಲ್ಲ.

ಗೌಡ ಹನ್ನೊಂದು ಮಂದಿಯನ್ನೂ ನಿಲ್ಲಿಸಿ ಕೇಳಿದ. “ಯಾರು ಕರಡಿ?”

ಒಬ್ಬ ರೈತ ಹೇಳಿದ, “ಬೆಳಗ್ಗೆ ನಾನಿದ್ದೆ ಗೌಡ್ರೇ. ಊಟದ ಹೊತ್ತಿಗೆ ಬಿಚ್ಚಿ ಕೊಟ್ಟೆ.”

“ಯಾರಿಗೆ?”

“ಕೊಡುವಾಗ ತಲೆ ಬಗ್ಗಿಸಿದ್ದೆ. ಎತ್ತಿ ನೋಡುವಷ್ಟರಲ್ಲಿ ಅವನು ಕರಡಿ ಆಗಿಬಿಟ್ಟಿದ್ದ. ಕರಡಿಯ ಹೆಸರು ಕೇಳಬಾರದು ಅಂತ ನೀವೇ ಕಟ್ಟಳೆ ಮಾಡಿದ್ದೀರಿ.”

ಉಳಿದ ಹತ್ತು ಮಂದಿಯೂ ಅದನ್ನೇ ಹೇಳಿದರು. ಎಲ್ಲರೂ ಕೊಟ್ಟಿದ್ದರು. ಯಾರೂ ತೆಗೆದುಕೊಂಡಿರಲಿಲ್ಲ.

ಬೀಜ ಕಳೆದುಕೊಂಡ ಊರಿಗೆ ಒಂದು ಮುಖ ಬೇಕು. ಎಲ್ಲರ ಕಣ್ಣೂ ದರ್ಜಿಯ ಮೇಲೆ ನಿಂತವು. ವೇಷ ಹೊಲಿದವನು ಅವನು. ತೂಗುಹಾಕಿದ್ದು ಅವನ ಜಗಲಿಯಲ್ಲಿ. ಕರಡಿ ಯಾರೆಂದು ಗೊತ್ತಿಲ್ಲ, ಆದರೆ ಕರಡಿಯ ಮನೆ ಯಾವುದೆಂದು ಗೊತ್ತು. ನಿನ್ನೆವರೆಗೆ ಗೌಡನ ಪಕ್ಕ ಕೂತವನು ಇವತ್ತು ಎದುರಿಗೆ ನಿಂತ.

“ಜಂಬಣ್ಣನ ಕುರ್ಚಿ,” ಎಂದಳು ಹುಲಿಗೆಮ್ಮ ಮೆಲ್ಲಗೆ.

“ಕುರ್ಚಿ ಆಮೇಲೆ ಬಂದದ್ದು. ಮೊದಲು ಜಗಲಿ,” ಎಂದರು ಮೇಷ್ಟ್ರು.

ಊರು ಬಿಡು ಎಂದರು. ದರ್ಜಿಗೆ ಆ ಊರಲ್ಲೇ ಹುಟ್ಟಿದ ಮನೆ, ಅಪ್ಪ ತುಳಿದ ಮೆಷಿನ್, ಮೂರು ತಲೆಮಾರಿನ ಅಂಗಿಗಳ ಅಳತೆ. ಬೇರೆ ಊರಿಗೆ ಹೋದರೆ ಯಾರ ಹೆಗಲು ಎಷ್ಟು ಎಂದು ಅವನಿಗೆ ಗೊತ್ತಿಲ್ಲ. ಅವನು ಕೈಮುಗಿದು ಹೇಳಿದ, “ಒಂದು ಬೆಳೆ ಅವಕಾಶ ಕೊಡಿ. ಇನ್ನೊಮ್ಮೆ ಕರಡಿ ತಪ್ಪಿದರೆ ಒಳಗಿದ್ದವನು ಯಾರೆಂದು ತೋರಿಸ್ತೀನಿ. ತೋರಿಸದಿದ್ದರೆ ಮೆಷಿನ್ ತಲೆ ಮೇಲಿಟ್ಟುಕೊಂಡು ನಾನೇ ಹೊರಡ್ತೀನಿ.”

ಗೌಡ ಒಪ್ಪಿದ. ಪಕ್ಕದ ಊರಿನಿಂದ ಬೀಜ ಕೇಳಿ ತಂದು ತಡವಾಗಿ ಬಿತ್ತಿದರು.

ದರ್ಜಿ ಮನೆಗೆ ಹೋಗಿ ಆಲೋಚಿಸಿದ. ಕರಡಿ ಬೇಕು, ಇಲ್ಲದಿದ್ದರೆ ಮಂಗ ಬರುತ್ತದೆ. ಹೆಸರು ಕೂಗಬಾರದು, ಕೂಗಿದರೆ ಮಂಗಕ್ಕೆ ತಿಳಿಯುತ್ತದೆ. ಆದರೆ ಮಂಗಕ್ಕೆ ತಿಳಿಯಬಾರದ್ದು ಊರಿಗೂ ತಿಳಿಯಬಾರದು ಎಂದು ಯಾರು ಹೇಳಿದರು? ಇಷ್ಟು ಹೊಳೆದದ್ದೇ ತಡ, ಅವನು ಎದ್ದು ಕುಣಿದ. ಅಂದು ಹೊಲಿಯುತ್ತಿದ್ದ ಲಂಗಕ್ಕೆ ಮೂರು ತೋಳು ಇಟ್ಟುಬಿಟ್ಟ.

ಮರುದಿನ ಜಗಲಿಯ ಗೋಡೆಗೆ, ಬೀದಿಗೆ ಕಾಣುವಂತೆ, ಹನ್ನೊಂದು ಗೂಟ ಹೊಡೆದ. ವೇಷವನ್ನು ಒಳಕೋಣೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಕೀಲಿಯನ್ನು ಎದುರು ಮನೆಯ ಅಜ್ಜಿಗೆ ಕೊಟ್ಟ. ಆ ಅಜ್ಜಿಯ ಕಣ್ಣು ಎಷ್ಟು ಚುರುಕು ಎಂದರೆ, ಬೀದಿಯ ಈಚೆ ಕೂತು ಆಚೆ ಮನೆಯ ಸೂಜಿಗೆ ದಾರ ಪೋಣಿಸಬಲ್ಲಳು.

ಕರಡಿಯಾಗಬೇಕಾದವನು ಮೊದಲು ತನ್ನದೇ ಮುಖದಲ್ಲಿ ಬೀದಿಯಲ್ಲಿ ನಡೆದು ಬರಬೇಕು. ತನ್ನ ರುಮಾಲನ್ನು ಬಿಚ್ಚಿ ತನ್ನ ಗೂಟಕ್ಕೆ ಹಾಕಬೇಕು. ಅಜ್ಜಿ ಮುಖ ನೋಡಿ, ಗೂಟ ನೋಡಿ, ಆಮೇಲೆ ಕೀಲಿ ಕೊಡುತ್ತಾಳೆ. ಅವನು ಒಳಗೆ ವೇಷ ತೊಟ್ಟು ಹಿತ್ತಿಲ ಬಾಗಿಲಿನಿಂದ ಹೊಲಕ್ಕೆ ಹೋಗಬಹುದು. ಹೊಲದ ಕಡೆಯಿಂದ ನೋಡುವ ಮಂಗಕ್ಕೆ ಕಾಣುವುದು ಕರಡಿ ಮಾತ್ರ. ಬೀದಿಯಿಂದ ನೋಡುವ ಊರಿಗೆ ಕಾಣುವುದು ರುಮಾಲು. ಬೆಳಗಿನ ಪಾಳಿಗೆ ಬಿಳಿ ದಾರ, ಮಧ್ಯಾಹ್ನಕ್ಕೆ ಕೆಂಪು, ಸಂಜೆಗೆ ಕಪ್ಪು. ಹೋದವನ ಗೂಟಕ್ಕೆ ಅಜ್ಜಿ ಆ ಹೊತ್ತಿನ ದಾರ ಕಟ್ಟುತ್ತಾಳೆ. ರುಮಾಲು ಮರಳಿ ತಲೆಗೆ ಹೋದರೂ ದಾರ ಮರುದಿನ ಬೆಳಗಿನವರೆಗೆ ಗೂಟದಲ್ಲೇ ಉಳಿಯುತ್ತದೆ. ಇನ್ನೊಂದು ಮಾತು, ಬೀಜದ ಕೋಣೆಗೆ ಕರಡಿ ಹೋಗುವಂತಿಲ್ಲ. ಅಲ್ಲಿ ಮಂಗ ನುಗ್ಗಿದರೆ ಮುಖ ಇರುವವನೇ ಕೋಲು ಹಿಡಿದು ಹೋಗಬೇಕು.

ಊರು ಸಿಟ್ಟಾಯಿತು. ವ್ಯಾಪಾರಿ ಜಗಲಿಗೆ ಬಂದು ನಿಂತ. ಅವನೂ ಹನ್ನೊಂದರಲ್ಲಿ ಒಬ್ಬ.

“ಏನೋ ದರ್ಜಿ, ನಿನ್ನ ಅಪ್ಪನಿಗೆ ಮೊದಲ ರೀಲು ದಾರ ಕೊಟ್ಟವರು ನಮ್ಮ ಅಪ್ಪ. ನನ್ನನ್ನೇ ನಂಬೋದಿಲ್ಲವೇನು?”

“ನಿಮ್ಮನ್ನು ನಂಬ್ತೀನಿ ಸೌಕಾರ್ರೇ,” ಎಂದ ದರ್ಜಿ. “ಕರಡಿಯನ್ನು ನಂಬೋದಿಲ್ಲ.”

ಹುಲಿಗೆಮ್ಮ ತೊಡೆ ತಟ್ಟಿಕೊಂಡಳು. “ಈ ಮಾತನ್ನ ನಾಳೆ ಕಚೇರಿಯ ಗೋಡೆಗೆ ಅಂಟಿಸ್ತೀನಿ.”

“ಅಂಟು ಉಳಿಸಿಕೋ. ಕತೆ ಇನ್ನೂ ಇದೆ.”

ಸಿಟ್ಟು ಒಂದು ತಿಂಗಳು ಇತ್ತು. ಆಮೇಲೆ ಒಂದು ಘಟನೆ ನಡೆಯಿತು. ಹೆಣ್ಣು ನೋಡಲು ಬಂದ ಬೀಗರ ಬಂಡಿಗೆ ಕರಡಿ ಅಡ್ಡ ಬಂದು, ಎತ್ತು ಬೆದರಿ, ವರನ ಚಿಕ್ಕಪ್ಪ ಕೆಸರಿಗೆ ಬಿದ್ದ. ಬೀಜ ಹೋದ ದಿನ ಬೆಳಗ್ಗೆ ಕರಡಿಯಾಗಿದ್ದ ಆ ರೈತನೇ ಮಾಡಿದ್ದು, ಅವನಿಗೆ ಹೆಣ್ಣಿನ ಮನೆಯವರ ಮೇಲೆ ಹಳೆಯ ಮುನಿಸು ಎಂದು ಊರೆಲ್ಲ ಹಬ್ಬಿತು. ರೈತ ಅಳುತ್ತ ಜಗಲಿಗೆ ಬಂದ. ಅಜ್ಜಿ ಗೂಟ ತೋರಿಸಿದಳು. ರೈತನ ಗೂಟದಲ್ಲಿ ಅವತ್ತು ಬಿಳಿ ದಾರ. ಬಂಡಿ ಬಂದದ್ದು ಸಂಜೆ. ಕಪ್ಪು ದಾರ ಇದ್ದದ್ದು ವ್ಯಾಪಾರಿಯ ಗೂಟದಲ್ಲಿ. ವ್ಯಾಪಾರಿ ಕೆಮ್ಮಿದ. ಮಂಗ ಅಟ್ಟಿಕೊಂಡು ಹೋಗುವಾಗ ಬಂಡಿ ಕಾಣಲಿಲ್ಲ ಎಂದ, ಹೋಗಿ ಬೀಗರ ಕಾಲು ತೊಳೆದ. ಅಲ್ಲಿಗೆ ಮುಗಿಯಿತು. ಮದುವೆಯೂ ಆಯಿತು.

ಅಂದಿನಿಂದ ಊರಿಗೆ ಗೂಟದ ಹುಚ್ಚು ಹಿಡಿಯಿತು. ಮೊದಲು ಗೂಟವನ್ನು ಬೈದವರೇ ತಮ್ಮ ಗೂಟಕ್ಕೆ ಎಣ್ಣೆ ಹಚ್ಚಿದರು. ರುಮಾಲು ಕಟ್ಟದವರು ಗೂಟದ ಸಲುವಾಗಿ ರುಮಾಲು ಕೊಂಡರು. ಗಂಡ ಎಲ್ಲಿದ್ದಾನೆ ಎಂದು ಹೆಂಡತಿಯರು ಗಂಡನನ್ನು ಕೇಳುವುದನ್ನೇ ಬಿಟ್ಟರು, ಗೂಟವನ್ನು ಕೇಳಿದರು. ದರ್ಜಿಯನ್ನು ಗೌಡ ಮತ್ತೆ ಪಕ್ಕದಲ್ಲಿ ಕೂರಿಸಿಕೊಂಡ. ದರ್ಜಿ ಮತ್ತೆ ನೆಲದ ಮೇಲೆ ನಡೆಯುವುದನ್ನು ಬಿಟ್ಟ.

ಒಂದು ದಿನ ಅಜ್ಜಿ ಎದುರು ಜಗಲಿಯಿಂದ ಕೇಳಿದಳು, “ಲೋ ದರ್ಜಿ, ಹನ್ನೊಂದು ಗೂಟ ಎಣಿಸಿದೆ. ನಿನ್ನದೆಲ್ಲಿ?”

ದರ್ಜಿ ಆಗಾಗ ವೇಷ ತೊಡುತ್ತಿದ್ದ. ಹೊಲಿಗೆ ಬಿಗಿಯಿದೆಯೇ ನೋಡಲು, ತೋಳು ಎಳೆಯುತ್ತದೆಯೇ ನೋಡಲು, ಒಮ್ಮೊಮ್ಮೆ ಸುಮ್ಮನೆ, ತನ್ನ ಕೈಕೆಲಸದೊಳಗೆ ನಿಂತು ಹೊಲ ನೋಡಲು. ಅದಕ್ಕಾಗಿ ಪೆಟ್ಟಿಗೆಗೆ ಎರಡನೆಯ ಕೀಲಿ ಮಾಡಿಸಿ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ. ಬೀದಿಗೆ ಬರುವ ಅಗತ್ಯವೇ ಅವನಿಗಿರಲಿಲ್ಲ. ಒಳಗಿನಿಂದ ಒಳಗೇ ಕರಡಿಯಾಗಿ ಹಿತ್ತಿಲಿನಿಂದ ಹೋಗಿಬಿಡುತ್ತಿದ್ದ. ಊರಿಗೂ ಅದು ಗೊತ್ತಿತ್ತು.

“ಗೂಟ ಹೊಡೆದವನಿಗೇ ಗೂಟವೇ ಅಜ್ಜಿ?” ಎಂದ. “ನಾನೇ ಓಡಾಡೋಕೆ ಒಂದು ದಾರಿ ಬೇಕಲ್ಲ.”

ಅಜ್ಜಿ ಎಲೆ ಅಡಿಕೆ ಹಾಕಿಕೊಂಡಳು. ಮತ್ತೆ ಕೇಳಲಿಲ್ಲ.

ಬೆಳೆ ಬಂತು. ಊರು ಅಂಥ ಶೇಂಗಾ ಕಂಡಿರಲಿಲ್ಲ. ಒಂದು ಗಿಡ ಕಿತ್ತರೆ ಬುಟ್ಟಿ ತುಂಬುತ್ತಿತ್ತು, ಎರಡನೆಯದನ್ನು ಕೀಳಲು ನಾಲ್ಕು ಮಂದಿ ಬೇಕಾಗುತ್ತಿತ್ತು. ಎಲ್ಲವನ್ನೂ ಗೌಡನ ಕಣದಲ್ಲಿ ರಾಶಿ ಹಾಕಿ ಮುಳ್ಳಿನ ಗೇಟು ಹಾಕಿದರು. ಒಣಗಿದ ಮೇಲೆ ಹಂಚುವುದೆಂದು ಮಾತಾಯಿತು. ಅವತ್ತು ಮಧ್ಯಾಹ್ನ ಊರೆಲ್ಲ ಗೌಡನ ಮನೆಯಲ್ಲಿ ಊಟಕ್ಕೆ ಕೂತಿತ್ತು. ಕಾವಲು ಬೇಡವೆಂದರು. ಮಂಗಗಳಿಗೆ ಆ ಕಣದ ಹೆಸರು ಕೇಳಿದರೇ ಜ್ವರ ಎಂದರು. ದರ್ಜಿ ಮಾತ್ರ ಊಟಕ್ಕೆ ಬಂದಿರಲಿಲ್ಲ. ಗೌಡನ ಮಗಳ ಕುಪ್ಪಸ ಸಂಜೆಗೆ ಬೇಕಾಗಿತ್ತು. ಅವನು ಒಳಕೋಣೆಯಲ್ಲಿ ಒಬ್ಬನೇ ಮೆಷಿನ್ ತುಳಿಯುತ್ತಿದ್ದ.

ಕಣದ ಹತ್ತಿರ ದನ ಮೇಯಿಸುತ್ತಿದ್ದ ಹೆಂಗಸೊಬ್ಬಳು ಕೂಗುತ್ತ ಬಂದಳು. ಕರಡಿ ಬಂತಂತೆ. ಮುಳ್ಳಿನ ಗೇಟನ್ನು ಹೆಗಲಿನಿಂದ ತಳ್ಳಿ ಒಳಗೆ ಹೋಯಿತಂತೆ. ರಾಶಿಯಲ್ಲಿ ಹೊರಳಿ, ಹೊಟ್ಟೆ ತುಂಬ ತಿಂದು, ಬೆಟ್ಟದ ಕಡೆ ಹೋಯಿತಂತೆ. ಗೇಟು ತೆರೆದೇ ಇತ್ತು. ಹಿಂದೆಯೇ ಮಂಗಗಳ ದಂಡು ಬಂತು. ಊರು ಎಂಜಲು ಕೈಯಲ್ಲೇ ಓಡಿ ಅರ್ಧ ರಾಶಿಯನ್ನು ಉಳಿಸಿತು. ಅರ್ಧ ಹೋಯಿತು.

ಅಲ್ಲಿಂದ ಎಲ್ಲರೂ ಗೂಟಗಳ ಮುಂದೆ ಬಂದರು. ಒಬ್ಬನ ಮುಖದಲ್ಲೂ ಭಯವಿರಲಿಲ್ಲ. ಹನ್ನೊಂದು ರುಮಾಲೂ ಹನ್ನೊಂದು ತಲೆಗಳ ಮೇಲಿದ್ದವು. ಹನ್ನೊಂದು ಗೂಟಗಳಲ್ಲಿ ಎಲ್ಲೂ ಕೆಂಪು ದಾರವಿರಲಿಲ್ಲ. ಅಜ್ಜಿಯ ಕೀಲಿ ಅಜ್ಜಿಯ ಸೊಂಟದಲ್ಲೇ ಇತ್ತು.

ಆಗ ಎಲ್ಲರೂ ತಿರುಗಿ ನೋಡಿದರು. ಬಾಗಿಲಲ್ಲಿ ದರ್ಜಿ ನಿಂತಿದ್ದ. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಕುಪ್ಪಸ, ಸೊಂಟದಲ್ಲಿ ಎರಡನೆಯ ಕೀಲಿ.

“ನಾನಲ್ಲ,” ಎಂದ ದರ್ಜಿ. “ವೇಷ ಪೆಟ್ಟಿಗೆಯಲ್ಲೇ ಇದೆ. ಬಂದು ನೋಡಿ.”

“ಹೋಗಿ ಬಂದು ಇಟ್ಟರೂ ಪೆಟ್ಟಿಗೆಯಲ್ಲೇ ಇರ್ತದೆ,” ಎಂದ ಗೌಡ.

“ಹಾಗಾದರೆ ಬೆಟ್ಟದ್ದಿರಬೇಕು. ನಿಜವಾದ ಕರಡಿ.”

ವ್ಯಾಪಾರಿ ಹೇಳಿದ, “ನಿನ್ನ ಕರಡಿಗೂ ಬೆಟ್ಟದ ಕರಡಿಗೂ ಒಂದು ಕೂದಲಿನ ವ್ಯತ್ಯಾಸ ಇಲ್ಲ ಅಂತ ಊರಿಗೆಲ್ಲ ಹೇಳಿದವನು ನೀನೇ ಅಲ್ಲವೇನೋ?”

ದರ್ಜಿ ಅಜ್ಜಿಯ ಕಡೆ ನೋಡಿದ.

“ಈ ಹನ್ನೊಂದು ಮಂದಿಯ ಮೇಲೆ ನಾನು ಆಣೆ ಮಾಡಬಲ್ಲೆ,” ಎಂದಳು ಅಜ್ಜಿ. “ನನ್ನ ಕಣ್ಣು ಗೂಟದವರೆಗೆ ಹೋಗ್ತದೆ ಮಗಾ. ನೀನು ಹೋಗೋ ಬರೋ ಹಿತ್ತಿಲಿನ ಮೇಲೆ ಏನಂತ ಆಣೆ ಮಾಡಲಿ?”

ಹಿಂದೆ ಗೂಟದಿಂದ ಉಳಿದುಕೊಂಡಿದ್ದ ರೈತ ಮುಂದೆ ಬಂದ. ಅವನ ಕಣ್ಣಲ್ಲಿ ನೀರಿತ್ತು. ದರ್ಜಿಯ ಪರವಾಗಿ ಮಾತಾಡಲು ಬಾಯಿ ತೆರೆದ. ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. ತೋರಿಸಲು ಏನೂ ಸಿಗಲಿಲ್ಲ.

ಮಾತು ಕೊಟ್ಟವನು ದರ್ಜಿಯೇ. ಯಾರೂ ಬೈಯಲಿಲ್ಲ, ಯಾರೂ ತಳ್ಳಲಿಲ್ಲ. ಅವನು ಕುಪ್ಪಸದ ಕೊನೆಯ ಗುಂಡಿ ಹಾಕಿ ಗೌಡನ ಕೈಗೆ ಕೊಟ್ಟ. ಮೆಷಿನ್ ತಲೆಯ ಮೇಲಿಟ್ಟುಕೊಂಡ. ಹೆಂಡತಿ ಗಂಟು ಹೊತ್ತು ಹಿಂದೆ ಬಂದಳು. ಬಿಸಿಲು ಇನ್ನೂ ಇಳಿದಿರಲಿಲ್ಲ.

ಬೆಟ್ಟದ ತಿರುವಿನಲ್ಲಿ ದಾರಿಯ ನಡುವೆ ಒಂದು ಕರಡಿ ಮಲಗಿತ್ತು. ಹೊಟ್ಟೆ ಬಿರಿಯುವಂತಿತ್ತು. ಮೈಯ ಕೂದಲಿಗೆಲ್ಲ ಶೇಂಗಾ ಸಿಪ್ಪೆ ಅಂಟಿತ್ತು. ದರ್ಜಿಯನ್ನು ಕಂಡು ಅದು ಎದ್ದಿತು. ಮೂಗು ಚಾಚಿ ಅವನ ಮೈಗೆ ಹತ್ತಿದ್ದ ಕಂಬಳಿಯ ವಾಸನೆ ನೋಡಿತು. ನಮ್ಮ ಪೈಕಿಯವರೇ ಎಂಬಂತೆ ದಾರಿ ಬಿಟ್ಟು ಪಕ್ಕಕ್ಕೆ ಕೂತಿತು.

ದರ್ಜಿ ಓಡಲಿಲ್ಲ. ಮೆಷಿನ್ ಹೊತ್ತುಕೊಂಡೇ ಅದರ ಸುತ್ತ ಒಂದು ಸುತ್ತು ಬಂದ. ಕಂಕುಳಲ್ಲಿ ನೋಡಿದ, ಕೊರಳಲ್ಲಿ ನೋಡಿದ, ಬೆನ್ನಿನ ನಡುವೆ ನೋಡಿದ. ತಾನು ಹೊಲಿಗೆ ಹಾಕುತ್ತಿದ್ದ ಜಾಗಗಳನ್ನೆಲ್ಲ ನೋಡಿದ.

ಎಲ್ಲಿಯೂ ಹೊಲಿಗೆ ಇರಲಿಲ್ಲ.

ತಿರುಗಿ ಊರನ್ನು ನೋಡಿದ. ತನ್ನ ಜಗಲಿಯ ಗೋಡೆ ಅಲ್ಲಿಂದಲೂ ಕಾಣುತ್ತಿತ್ತು. ಗೂಟಗಳನ್ನು ಎಣಿಸಿದ. ಆಮೇಲೆ ಬೆಟ್ಟ ಹತ್ತಿದ.

*

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಗಂಟೆ ಮೂರು ಇಪ್ಪತ್ತೈದು.

ಹುಲಿಗೆಮ್ಮ ಕೂತಲ್ಲಿ ಕೂರಲಿಲ್ಲ. ಎದ್ದಳು, ಬಾಗಿಲವರೆಗೆ ಹೋದಳು, ತಿರುಗಿ ಬಂದಳು. ದರ್ಜಿಯ ಮೇಲೆ ಅವಳಿಗೆ ಬಂದಷ್ಟು ಸಿಟ್ಟು ಹನ್ನೊಂದು ಜನರ ಮೇಲೂ ಬಂದಿರಲಿಲ್ಲ.

“ಎಂಥಾ ದಡ್ಡ ಗುರುಗಳೇ ಅವನು. ಇನ್ನೊಂದೇ ಒಂದು ಗೂಟ ಹೊಡ್ಕೊಂಡು, ಆ ಎರಡನೇ ಕೀಲಿ ಅಜ್ಜಿಗೆ ಕೊಟ್ಟಿದ್ದರೆ ಸಾಕಿತ್ತು. ಹನ್ನೆರಡು ರುಮಾಲೂ ತಲೆ ಮೇಲಿವೆ, ಹನ್ನೆರಡು ಗೂಟದಲ್ಲೂ ಕೆಂಪು ದಾರ ಇಲ್ಲ ಅಂದರೆ, ಬಂದಿದ್ದು ಹೊರಗಿನ ಕರಡಿ ಅಂತ ತೊಟ್ಟಿಲ ಕೂಸಿಗೂ ಗೊತ್ತಾಗ್ತಿತ್ತು. ಊರನ್ನೆಲ್ಲ ಉಳಿಸೋ ಬುದ್ಧಿ ಇತ್ತು, ತನ್ನನ್ನ ಉಳಿಸಿಕೊಳ್ಳೋ ಬುದ್ಧಿ ಯಾಕೆ ಬರಲಿಲ್ಲ ಅವನಿಗೆ?”

ಮೇಷ್ಟ್ರು ಮೇಜಿನ ಮೇಲಿದ್ದ ಆಕೆಯ ಕಾಗದವನ್ನು ಎತ್ತಿ ಆಕೆಯ ಕೈಗೆ ಕೊಟ್ಟರು.

“ಆ ಆರನೆಯ ಸಾಲನ್ನು ಇನ್ನೊಂದು ಸಲ ಓದು ತಾಯಿ, ಈ ಸಲ ನಿಧಾನವಾಗಿ.”

ಹುಲಿಗೆಮ್ಮ ಪೆನ್ನು ತೆಗೆದು ಆ ಸಾಲಿನ ಮೇಲೆ ಗೆರೆ ಎಳೆದಳು.